ಹಣ್ಣಾಗದ ಸಾವ್ಕಾರ

ರಾಮನಗರದ ಪಕ್ಕದ ಕೈಲಾಂಚದ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಆ ಊರಿನಲ್ಲಿ ದೊಡ್ಡಲಕ್ಷ್ಮಮ್ಮನಷ್ಟು ಚೆನ್ನಾಗಿ ರೇಷ್ಮೆ ಹುಳ ಮೇಯಿಸುವವರು ಇನ್ನೊಬ್ಬರಿಲ್ಲ ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಬೇರೆ ವಿಷಯಕ್ಕೆ. ಬೆಳಗಿನಿಂದ ಹುಳದ ಮನೆಯಲ್ಲಿ ಸೊಪ್ಪು ಹಾಕಿ, ಕಸ ತೆಗೆದು, ಸೊಂಟ ಹಿಡಿದುಕೊಂಡು ಹೊರಬರುತ್ತಿದ್ದ ಈ ಹೆಂಗಸು ಕೈಕಾಲು ತೊಳೆದು ಜಗಲಿಯ ಮೇಲೆ ಕೂತು ಮಾಡುತ್ತಿದ್ದದ್ದಾದರೂ ಏನು? ಮೊಬೈಲಿನಲ್ಲಿ ಮತ್ತೆ ಹುಳ ಮೇಯಿಸುವುದು.

"ಇಡೀ ದಿನ ಹೋಟ್ಲಲ್ಲಿ ದೋಸೆ ಹುಯ್ಯೋನು ಮನೇಗ್ ಬಂದು ದೋಸೆ ಹುಯ್ಯೋ ಆಟ ಆಡ್ದಂಗಾಯ್ತು ಕಣಮ್ಮಿ ನಿಂದು," ಎಂದು ಗಂಡ ಪುಟ್ಟಸ್ವಾಮಿ ಹಂಗಿಸುತ್ತಿದ್ದ.

"ಒಳಗಿರೋ ಹುಳಕ್ಕೆ ಸೊಪ್ಪು ಬೇಕು ಅಂದ್ರೆ ನಿಮ್ಮನ್ನ ಮೂರ್ ಸಲಿ ಕೂಗ್ಬೇಕು. ಇದಕ್ಕೆ ಬೆಳ್ಳು ತಗುಲಿಸುದ್ರೆ ಸಾಕು, ಸೊಪ್ಪು ತಾನಾಗೇ ಬತ್ತದೆ," ಎಂದು ಅವಳು ಕತ್ತೆತ್ತದೆ ಉತ್ತರ ಕೊಡುತ್ತಿದ್ದಳು.

ಆಟವನ್ನು ಮಾಡಿದವಳು ಸೊಸೆ ಸೌಮ್ಯ. ಮಾಗಡಿ ಕಡೆಯ ಹುಡುಗಿ, ಬಿಸಿಎ ಓದಿದವಳು, ರಾಮನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಹಾರೋಹಳ್ಳಿಯ ಕಾರ್ಖಾನೆಗೆ ಹೋಗುವ ಮಗ ಲೋಕೇಶನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಸೊಸೆಯ ನಡುವೆ ಜಗಳವೇನೂ ಇರಲಿಲ್ಲ. ಜಗಳವಾಡಲು ಬೇಕಾದಷ್ಟು ಮಾತೇ ಇರಲಿಲ್ಲ. "ಉಂಡ್ಯೇನವ್ವ" ಎಂದು ಇವಳು, "ಉಂಡೆ ಅತ್ತೆ" ಎಂದು ಅವಳು, ಅಲ್ಲಿಗೆ ಆ ದಿನದ ಲೆಕ್ಕ ಮುಗಿಯುತ್ತಿತ್ತು. ಅದರ ಮೇಲೆ ಹುಳದ ಮನೆಯ ಕಟ್ಟುನಿಟ್ಟು ಬೇರೆ. ಪೌಡರ್ ಹಾಕಿದವರು, ಸೆಂಟು ಪೂಸಿದವರು, ಪೇಟೆಯ ಧೂಳು ಹೊತ್ತು ಬಂದವರು ಅದರೊಳಗೆ ಕಾಲಿಡುವಂತಿಲ್ಲ, ಹುಳಕ್ಕೆ ಆಗುವುದಿಲ್ಲ. ದಿನಾ ಸ್ಕೂಟರಿನಲ್ಲಿ ರಾಮನಗರಕ್ಕೆ ಹೋಗಿಬರುವ ಸೌಮ್ಯ ಮೂರು ಬಾಬತ್ತಿಗೂ ಸಿಕ್ಕಿಬೀಳುತ್ತಿದ್ದಳು. ಬಾಗಿಲಿಗೆ ಕಟ್ಟಿದ್ದ ನೊಣದ ಪರದೆಯ ಆಚೆ ನಿಂತು ಅವಳು ಅತ್ತೆಯ ಕೆಲಸ ನೋಡುತ್ತಿದ್ದಳು. ನೋಡಿ ನೋಡಿ, ರಜೆ ಸಿಕ್ಕಾಗಲೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತು, ಕಂಡದ್ದನ್ನೇ ಒಂದು ಆಟ ಮಾಡಿಬಿಟ್ಟಳು.

ಮಾಡಿದ ಮೇಲೆ ಅದನ್ನು ಬಲ್ಲವರ ಕೈಯಲ್ಲಿ ಆಡಿಸಿ ನೋಡಬೇಕಲ್ಲ. ಲೋಕೇಶನ ಹಳೆಯ ಮೊಬೈಲಿಗೆ ಆಟ ಹಾಕಿ ಅಳುಕುತ್ತಲೇ ಅತ್ತೆಯ ಮುಂದೆ ಹಿಡಿದಳು.

"ಅತ್ತೆ, ಒಸಿ ಆಡಿ ನೋಡ್ತೀರಾ? ಎಲ್ಲಾದ್ರೂ ತಪ್ಪಿದ್ರೆ ಹೇಳಿ."

ದೊಡ್ಡಲಕ್ಷ್ಮಮ್ಮ ಕೇಳಿದ ಮೊದಲ ಪ್ರಶ್ನೆ, "ಇದ್ರಲ್ಲಿ ಹುಳಕ್ಕೆ ರೋಗ ಬತ್ತದಾ?"

"ಸರ್ಯಾಗಿ ನೋಡ್ಕಂಡ್ರೆ ಬರಲ್ಲ ಅತ್ತೆ."

"ಹಂಗಂತ ಯಾರು ಬರ್ದ್ ಕೊಟ್ಟವ್ರೆ?"

"ನಾನೇ ಬರ್ದಿದೀನಿ."

ದೊಡ್ಡಲಕ್ಷ್ಮಮ್ಮ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದು ಮೊಬೈಲನ್ನು ಈಸಿಕೊಂಡಳು. ಹುಳ ಮುಟ್ಟುವ ಮುಂಚೆ ಕೈ ತೊಳೆಯದೆ ಇರುವುದು ಅವಳಿಂದ ಆಗುವ ಕೆಲಸವಲ್ಲ, ಹುಳ ಗಾಜಿನ ಆಚೆ ಇದ್ದರೂ ಸರಿಯೇ.

ಆಟ ಸರಳ. ಮೊಟ್ಟೆಯೊಡೆದು ಬಂದ ಇರುವೆಯಷ್ಟು ಮರಿಗಳಿಗೆ ಎಳೆ ಸೊಪ್ಪು ಹಾಕಬೇಕು, ಬೆಳೆದಂತೆ ಬಲಿತ ಸೊಪ್ಪು ಹಾಕಬೇಕು, ತಟ್ಟೆ ಬದಲಿಸಬೇಕು. ಹುಳ ಹಣ್ಣಾದ ಮೇಲೆ, ಎಂದರೆ ಮೇವು ಬಿಟ್ಟು ಮೈ ಹೊಂಬಣ್ಣಕ್ಕೆ ತಿರುಗಿದ ಮೇಲೆ, ಚಂದ್ರಿಕೆಗೆ ಹಾಕಬೇಕು. ಬಿದಿರಿನ ಆ ಸುತ್ತುಗಳಲ್ಲಿ ಕೂತು ಅದು ಗೂಡು ಕಟ್ಟುತ್ತದೆ. ಕಡೆಗೆ ಮೂಲೆಯಲ್ಲೊಂದು ಕೆಂಪು ಗುಂಡಿ, 'ಮಾರ್ಕೆಟ್ಟಿಗೆ ಕಳಿಸಿ' ಎಂದು. ಅದನ್ನು ಒತ್ತಿದರೆ ಒಂದು ಬೆಳೆ ಮುಗಿದು ಮುಂದಿನದು ಶುರು.

ತಪ್ಪುಗಳೇನು ಕಮ್ಮಿಯಿರಲಿಲ್ಲ. ಮೊದಲನೆಯದು ಸೊಪ್ಪಿನ ಮಂಕರಿ. ಹುಳಗಳೆಲ್ಲ ಹಸಿದು ತಲೆಯೆತ್ತಿದ ಹೊತ್ತಿಗೆ ಸರಿಯಾಗಿ ಮಂಕರಿ ಅಲ್ಲಾಡದೆ ನಿಂತುಬಿಡುತ್ತಿತ್ತು. ಎಷ್ಟು ಒತ್ತಿದರೂ ಸೊಪ್ಪು ಬಾರದು. ದೊಡ್ಡಲಕ್ಷ್ಮಮ್ಮನಿಗೆ ಅದು ಸಹಿಸಲಾಗಲಿಲ್ಲ.

"ಹಸ್ದಿರೋ ಹುಳದ್ ಮುಂದೆ ಮಂಕರಿ ಮಡಗ್ಬುಟ್ಟು ಮುಟ್ಟಕ್ಕೆ ಬುಡ್ದೇ ಇದ್ರೆ ಅದೆಂಥ ಆಟ ಕಣವ್ವ? ತಗಾ, ನಂಗ್ ಬ್ಯಾಡ," ಎಂದು ಮೊಬೈಲನ್ನು ಸೊಸೆಯ ಕೈಗೆ ತುರುಕಿದಳು. ಸೌಮ್ಯ ಅವತ್ತೇ ಕೂತು ಮಂಕರಿಯನ್ನು ಸರಿಮಾಡಿದಳು. ಆಮೇಲೆ ಸೊಪ್ಪಿನ ಬಣ್ಣದ ತಕರಾರು ಬಂತು. ಅದು ಹಿಪ್ಪುನೇರಳೆಯ ಹಸಿರಲ್ಲ, ಎಲೆಕೋಸಿನ ಹಸಿರು ಎಂದು ಅತ್ತೆ. ಬಾಯಲ್ಲಿ ಎಷ್ಟು ಹೇಳಿದರೂ ಸೊಸೆಗೆ ತಿಳಿಯದಾದಾಗ, "ನಡಿ, ಸ್ನಾನ ಮಾಡ್ಕಂಡು ಹಳೇ ಸೀರೆ ಉಟ್ಕಂಡ್ ಬಾ" ಎಂದು ಹುಳದ ಮನೆಯ ಪರದೆ ಎತ್ತಿ ಅವಳನ್ನು ಒಳಗೆ ಕರೆದುಕೊಂಡಳು. ಚಾಕಿ ಹುಳಕ್ಕೆ, ಎಂದರೆ ಮರಿ ಹುಳಕ್ಕೆ, ಹಾಕುವ ಎಳೆ ಸೊಪ್ಪು, ಬಲಿತ ಹುಳದ ಕಡ್ಡಿ ಸೊಪ್ಪು ಎರಡನ್ನೂ ಕೈಯಲ್ಲಿಟ್ಟು ತೋರಿಸಿದಳು. ಅವತ್ತಿನಿಂದ ಇಬ್ಬರಿಗೂ ಊಟದ ವಿಚಾರ ಬಿಟ್ಟು ಬೇರೆ ಮಾತು ಸಿಕ್ಕಿತು.

ಎಲ್ಲ ತಪ್ಪಿಗೂ ಅವಳು ಸಿಡುಕುತ್ತಿದ್ದಳು ಎಂದುಕೊಳ್ಳಬೇಡಿ. ಆಟದ ಅಂಗಳದಲ್ಲಿ ಒಂದು ಹುಂಜವಿತ್ತು. ಅದು ನೆಲದ ಮೇಲೆ ನಡೆಯಬೇಕಾದದ್ದು, ಮೊಣಕಾಲೆತ್ತರದ ಗಾಳಿಯಲ್ಲಿ ಠೀವಿಯಿಂದ ನಡೆಯುತ್ತಿತ್ತು. ಸೌಮ್ಯ ನಾಚಿಕೊಂಡು ಸರಿಮಾಡಲು ಹೋದಾಗ ಅತ್ತೆ ತಡೆದಳು. "ಅದು ಇರ್ಲಿ ಬುಡು. ಅದ್ರಿಂದ ಯಾರ್ಗೇನ್ ತೊಂದ್ರೆ." ಕೆಲವು ತಪ್ಪು ಅನ್ನದಲ್ಲಿ ಸಿಕ್ಕ ಕಲ್ಲು, ಹಲ್ಲೇ ಹೋಗುತ್ತದೆ. ಕೆಲವು ಮಕ್ಕಳ ತೊದಲು ಮಾತು, ತಿದ್ದಿದರೆ ಮನೆಯ ಸಂಭ್ರಮವೇ ಕಮ್ಮಿಯಾಗುತ್ತದೆ.

ಆದರೆ ನಮ್ಮ ಕಥೆಗೆ ಬೇಕಾದ ತಪ್ಪು ಇವ್ಯಾವುದೂ ಅಲ್ಲ. ಅದು ಬಂದದ್ದು ನಾಲ್ಕನೇ ಜ್ವರದಲ್ಲಿ.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಕದಲದೆ ಕೂತು ಪೊರೆ ಕಳಚುತ್ತದೆ. ಅದನ್ನೇ ಜ್ವರ ಎನ್ನುವುದು. ಜ್ವರಕ್ಕೆ ಕೂತ ಹುಳವನ್ನು ಮುಟ್ಟುವಂತಿಲ್ಲ, ಅಲುಗಿಸುವಂತಿಲ್ಲ; ಎಲ್ಲ ಎದ್ದ ಮೇಲೆಯೇ ಸೊಪ್ಪು. ಆಟದಲ್ಲೂ ಸೌಮ್ಯ ಹಾಗೆಯೇ ಮಾಡಿದ್ದಳು. ಆದರೆ ಮುಕ್ಕಾಲು ಹುಳ ಎದ್ದ ಕೂಡಲೇ 'ಮುಂದೆ' ಎಂಬ ಗುಂಡಿ ಮಿನುಗುತ್ತಿತ್ತು. ಅವಳ ಗೆಳತಿಯರೆಲ್ಲ ಅದನ್ನು ಒತ್ತಿ ಮುಂದೆ ಹೋಗಿದ್ದರು. ದೊಡ್ಡಲಕ್ಷ್ಮಮ್ಮ ನೋಡಿದರೆ, ತಟ್ಟೆಯ ಮೂಲೆಯಲ್ಲಿ ಇನ್ನೂ ಒಂದು ಹುಳ ಕೂತೇ ಇದೆ.

ಅವಳು ಗುಂಡಿ ಒತ್ತಲಿಲ್ಲ. ಆಟವನ್ನು ಮುಚ್ಚಲೂ ಇಲ್ಲ; ಮುಚ್ಚಿದರೆ ಅಲುಗಿಸಿದಂತಾಗುತ್ತದಲ್ಲ. ಚಾರ್ಜಿಗೆ ಹಾಕಿ, ನೆರಳಿರುವ ಮೂಲೆಯಲ್ಲಿ ಒಂದು ಬಿದಿರ ತಟ್ಟೆಯ ಮೇಲೆ ಮೊಬೈಲನ್ನು ಅಂಗಾತ ಮಲಗಿಸಿ, ಬೆಳಕು ಬೀಳದಂತೆ ಕಾಗದ ಮುಚ್ಚಿದಳು. ಆ ದಿನವೆಲ್ಲ ಅತ್ತ ಯಾರೂ ಸುಳಿಯುವಂತಿರಲಿಲ್ಲ. "ನಿಮ್ಮತ್ಗೆ ಮನೇಲಿ ಬಾಣಂತಿ ಇದ್ದಂಗೆ ಆಡ್ತಾವ್ಳೆ" ಎಂದು ಪುಟ್ಟಸ್ವಾಮಿ ತಂಗಿಗೆ ಫೋನಿನಲ್ಲಿ ದೂರು ಹೇಳಿದ. ಸಂಜೆ ಕಾಗದ ಸರಿಸಿ ನೋಡಿದಾಗ ಆ ಕಡೆಯ ಹುಳವೂ ಪೊರೆ ಕಳಚಿ ಎದ್ದಿತ್ತು. ದೊಡ್ಡಲಕ್ಷ್ಮಮ್ಮನಿಗೆ ಆದ ಸಮಾಧಾನ ಇಷ್ಟಿಷ್ಟಲ್ಲ.

ಉಳಿದ ಹುಳಗಳೆಲ್ಲ ತಿಂದು, ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟಿದವು. ತಡವಾಗಿ ಎದ್ದ ಹುಳ ಮಾತ್ರ ಹತ್ತಲಿಲ್ಲ. ಅದನ್ನು ಬಿಟ್ಟು ಕೆಂಪು ಗುಂಡಿ ಒತ್ತಲು ದೊಡ್ಡಲಕ್ಷ್ಮಮ್ಮನಿಗೆ ಮನಸ್ಸಾಗಲಿಲ್ಲ. ಅದು ತಿಂದಿತು. ಮತ್ತೆ ತಲೆಯೆತ್ತಿ ಕೇಳಿತು. ಹಾಕಿದಷ್ಟೂ ತಿಂದಿತು. ಬೆರಳು ಗಾತ್ರದ್ದು ಸೌತೆಕಾಯಿಯಾಯಿತು, ಸೌತೆಕಾಯಿ ಸೋರೆಕಾಯಿಯಾಯಿತು, ಆಮೇಲೆ ತಟ್ಟೆಯೇ ಕಾಣದಂತೆ ಹರಡಿಕೊಂಡಿತು. ಕೆಲಸವಿಲ್ಲದೆ ಕೂತಲ್ಲೇ ಕೂತು ಹೀಗೆ ಉಣ್ಣುವವರಿಗೆ ಬೇರೇನು ಹೆಸರಿಡುವುದು? ದೊಡ್ಡಲಕ್ಷ್ಮಮ್ಮ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಳು.

ಸಂಜೆ ಹಾಲು ಹಾಕಲು ಡೈರಿಗೆ ಹೋದಾಗ ಅವಳು ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಪಕ್ಕದ ಮನೆಯ ಸಿದ್ದಮ್ಮ ಇಣುಕಿ ನೋಡಿ, ಕ್ಯಾನು ಕೆಳಗಿಟ್ಟು, ಮತ್ತೆ ಇಣುಕಿದಳು.

"ಇದ್ಯಾವ ಕರು ಲಕ್ಷ್ಮಕ್ಕ?"

"ಕರುವಲ್ಲ ಕಣೆ. ಹುಳ."

"ಹುಳ ಅಂದ್ರೆ, ನಮ್ ಹುಳನಾ?"

"ನಮ್ದೇಯ. ಒಸಿ ಜಾಸ್ತಿ ಉಣ್ತದೆ ಅಷ್ಟೆ."

ಮರುದಿನದಿಂದ ಡೈರಿಯ ಜಗಲಿಯಲ್ಲಿ ಜಾತ್ರೆ. ಹಾಲು ಅಳೆದು ಮುಗಿದರೂ ಹೆಂಗಸರು ಮನೆಗೆ ಹೋಗುತ್ತಿರಲಿಲ್ಲ. ಇವತ್ತು ನಾನು ತಿನ್ನಿಸುತ್ತೇನೆ, ನಾಳೆ ನೀನು ತಿನ್ನಿಸು ಎಂದು ಪಾಳಿ ಹಾಕಿಕೊಂಡರು. ಎಲ್ಲರೂ ಹುಳ ಸಾಕುವವರೇ. ಎಲ್ಲರಿಗೂ ಗೊತ್ತು, ಹೀಗೆಲ್ಲ ಆಗುವುದಿಲ್ಲ ಎಂದು. ಅದಕ್ಕೇ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಸಾವ್ಕಾರನ ಬೆನ್ನು ಆಟದೊಳಗಿನ ಮನೆಯ ಹೆಂಚು ಸೀಳಿಕೊಂಡು ಮೇಲೆ ಬಂದ ದಿನ, ಗಾಳಿಯಲ್ಲಿ ನಡೆಯುತ್ತಿದ್ದ ಹುಂಜ ಸೀದಾ ಹೋಗಿ ಆ ಬೆನ್ನ ಮೇಲೆ ಕೂತು ಕೂಗಿತು. ಸಿದ್ದಮ್ಮ ನಗುತ್ತ ನಗುತ್ತ ನೆಲಕ್ಕೆ ಕುಕ್ಕರಿಸಿದಳು. ಅವಳ ಕ್ಯಾನಿನಲ್ಲಿ ಉಳಿದಿದ್ದ ಹಾಲು ಮಣ್ಣುಪಾಲಾಯಿತು, ಅದಕ್ಕೂ ನಕ್ಕರು.

ಊರಿಗೆಲ್ಲ ಗೊತ್ತಿದ್ದ ಈ ಸಾವ್ಕಾರನ ಸುದ್ದಿ ಸೌಮ್ಯಳಿಗೊಬ್ಬಳಿಗೆ ಗೊತ್ತಿರಲಿಲ್ಲ. ದೊಡ್ಡಲಕ್ಷ್ಮಮ್ಮ ಬೇಕೆಂದೇ ಮುಚ್ಚಿಟ್ಟಿದ್ದಳು. ಕಾರಣವಿತ್ತು. ಜೊತೆಯವು ಹಣ್ಣಾದಾಗ ಹಣ್ಣಾಗದೆ ಉಳಿದ ಹುಳವನ್ನು ನಿಜವಾದ ಹುಳದ ಮನೆಯಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಅದು ರೋಗದ ಹುಳ. ಆರಿಸಿ ತೆಗೆದು ದೂರ ಹೂಳುತ್ತಾರೆ. ಅವಳೇ ತನ್ನ ಕೈಯಾರೆ ಎಷ್ಟೋ ಹೂತಿದ್ದಾಳೆ. ಆಟ ಮಾಡಿದ ಹುಡುಗಿ, ಅಚ್ಚುಕಟ್ಟಿನವಳು, ಇದನ್ನು ನೋಡಿದರೆ ಆರಿಸಿ ತೆಗೆಯದೆ ಬಿಟ್ಟಾಳೆಯೇ?

ತೆಗೆದರೆ ತಡೆದುಕೊಳ್ಳುವುದು ಅವಳಿಂದ ಆಗುತ್ತಿರಲಿಲ್ಲ. ಇಷ್ಟು ವರ್ಷ ಅವಳು ಹುಳ ಮೇಯಿಸಿದ್ದೆಲ್ಲ ಭಯದಲ್ಲಿಯೇ. ಹಾಲುತೊಂಡೆ ರೋಗ ಬಂದೀತು, ಇರುವೆ ನುಗ್ಗೀತು, ಸೆಕೆ ಏರೀತು, ಸೊಪ್ಪಿನಲ್ಲಿ ಔಷಧಿ ಉಳಿದೀತು. ರಾತ್ರಿ ಹುಳ ಸೊಪ್ಪು ತಿನ್ನುವ ಸದ್ದು ಕೇಳಿದರೆ ನಿದ್ದೆ, ಕೇಳದಿದ್ದರೆ ಎದ್ದು ಓಟ. ಸಾವ್ಕಾರನ ವಿಷಯದಲ್ಲಿ ಮಾತ್ರ ಯಾವ ಭಯವೂ ಇರಲಿಲ್ಲ. ಅದಕ್ಕೆ ರೋಗವಿಲ್ಲ, ಅವಸರವಿಲ್ಲ. ಬರೀ ಖುಷಿಗೆಂದು ಒಂದು ಹುಳ ಮೇಯಿಸುತ್ತಿರುವುದು ಅವಳ ಬದುಕಿನಲ್ಲಿ ಇದೇ ಮೊದಲು. ಅದು ಅವಳಿಗೆ ಬಹಳ ಇಷ್ಟವಾಗಿತ್ತು.

ಆ ಇಷ್ಟ ಎಷ್ಟು ಎಂಬುದು ತಿಳಿದದ್ದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ. ಮನೆಯ ನಿಜವಾದ ಬೆಳೆಯ ಗೂಡು ಹಾಕಲು ಗಂಡನ ಜೊತೆ ಅವಳೂ ಹೋಗಿದ್ದಳು. ನೂಲು ಬಿಚ್ಚುವ ಘಟಕ ಇಟ್ಟುಕೊಂಡಿದ್ದ ರಸೂಲ್ ಸಾಹೇಬರು ಹಳೆಯ ಪರಿಚಯದವರು. ಅವರಿಗೂ ಸಾವ್ಕಾರನನ್ನು ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿ ಗಂಭೀರವಾಗಿ ತಲೆದೂಗಿದರು.

"ಅಕ್ಕಾ, ಇದು ಗೂಡು ಕಟ್ಟಿದ್ರೆ ನಮ್ಗೇ ಕೊಡ್ಬೇಕು, ಬೇರೆ ಯಾರ್ಗೂ ಬೇಡ. ಆದ್ರೆ ನಮ್ ಬೇಸಿನ್ ಸಾಲಲ್ಲ. ಕಣ್ವ ಡ್ಯಾಮ್ ನೀರು ಪೂರಾ ಕುದ್ಸಿ ಅದ್ರಲ್ಲಿ ಹಾಕ್ಬೇಕು."

ಸುತ್ತ ಇದ್ದವರೆಲ್ಲ ನಕ್ಕರು, ದೊಡ್ಡಲಕ್ಷ್ಮಮ್ಮನೂ ನಕ್ಕಳು. ನೂಲು ಬಿಚ್ಚಲು ಗೂಡು ಒಳಗಿನ ಹುಳದ ಸಮೇತ ಕುದಿಯುವ ನೀರಿಗೆ ಬೀಳುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹೆಸರಿಟ್ಟ ಹುಳವನ್ನು ಆ ನೀರಿನ ಪಕ್ಕ ನಿಲ್ಲಿಸಿ ಯೋಚಿಸಿದ್ದು ಮಾತ್ರ ಇದೇ ಮೊದಲು. ಬರುವಾಗ ಬಸ್ಸಿನಲ್ಲಿ ಅವಳು ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಹಣ್ಣಾಗದೆ ಇದ್ದರೇ ಇವನಿಗೆ ಒಳ್ಳೆಯದು ಎಂದುಕೊಂಡಳು.

ಬೇಸಿಗೆ ಏರಿತು. ಮೊಬೈಲೂ ಕಾಯತೊಡಗಿತು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಸೊಪ್ಪು ಹಾಕಿದರೆ ಸಾವ್ಕಾರ ಬಾಯಿ ತೆಗೆಯಲು ಒಂದು ಗಳಿಗೆ ಹಿಡಿಯುತ್ತಿತ್ತು, ಅರ್ಧ ತಿಂದು ಹಾಗೇ ನಿಲ್ಲುತ್ತಿತ್ತು. ಸೆಕೆಗೆ ಹುಳ ಬಾಡಿದರೆ ಏನು ಮಾಡಬೇಕು ಎಂದು ದೊಡ್ಡಲಕ್ಷ್ಮಮ್ಮನಿಗೆ ಹೇಳಿಕೊಡಬೇಕೆ? ಗೋಣಿ ತಾಟನ್ನು ನೀರಿನಲ್ಲಿ ಅದ್ದಿ ಹಿಂಡಿ ತಟ್ಟೆಗೆ ಹಾಸಿದಳು, ಕಿಟಕಿಗೂ ಒಂದು ಕಟ್ಟಿದಳು, ಒದ್ದೆ ಗೋಣಿಯ ಮೇಲೆ ಕಾಗದ ಹಾಸಿ ಮೊಬೈಲನ್ನಿಟ್ಟು, ಮೊರದಲ್ಲಿ ಗಾಳಿ ಬೀಸುತ್ತ ಕೂತಳು. ಸ್ಕೂಟರ್ ನಿಲ್ಲಿಸಿ ಒಳಗೆ ಬಂದ ಸೌಮ್ಯ ಕಂಡದ್ದು ಈ ದೃಶ್ಯವನ್ನು.

"ಏನತ್ತೆ ಇದು?"

ಇನ್ನು ಮುಚ್ಚಿಡುವುದಕ್ಕೆ ದಾರಿಯಿರಲಿಲ್ಲ. "ಸಾವ್ಕಾರಂಗೆ ಹುಸಾರಿಲ್ಲ ಕಣವ್ವ" ಎಂದಳು ದೊಡ್ಡಲಕ್ಷ್ಮಮ್ಮ, ಮೊರ ಬೀಸುವುದನ್ನು ಬಿಡದೆ.

ಸೌಮ್ಯ ಮೊಬೈಲನ್ನು ಎತ್ತಿಕೊಂಡು ನೋಡಿದಳು. ಪರದೆಯ ಈ ತುದಿಯಿಂದ ಆ ತುದಿಗೆ ಹುಳ. ನೆತ್ತಿಯ ಮೇಲೆ ಹುಂಜ. ಆಮೇಲೆ ಒಂದೊಂದಾಗಿ ಕೇಳಿದಳು, ಅತ್ತೆ ಒಂದೊಂದಾಗಿ ಒಪ್ಪಿಕೊಂಡಳು.

"ನಾಕನೇ ಜ್ವರದಲ್ಲಿ 'ಮುಂದೆ' ಅಂತ ಬಂತಲ್ಲ ಅತ್ತೆ, ಒತ್ಲಿಲ್ವಾ?"

"ಒಂದು ಇನ್ನೂ ಕೂತಿತ್ತು. ಎಂಗವ್ವ ಒತ್ತದು?"

"ಕಡೇ ಹುಳ ಏಳೋ ತನ್ಕ ಯಾರಾದ್ರೂ ಕಾಯ್ತಾರೆ ಅಂತ ನಾನು ಯೋಚ್ನೆನೇ ಮಾಡಿರ್ಲಿಲ್ಲ ಅತ್ತೆ. ಕಾದ್ರೆ ಆ ಹುಳಕ್ಕೆ ಏನಾಗ್ಬೇಕು ಅಂತ ಬರ್ದೇ ಇಲ್ಲ. ಅದಕ್ಕೆ ವಯಸ್ಸೇ ಆಗ್ತಿಲ್ಲ, ಬರೀ ಬೆಳೀತಾ ಐತೆ. ತಪ್ಪು ನಂದೇ."

"ತಪ್ಪು ಅನ್ಬ್ಯಾಡ ಕಣವ್ವ ಅದ್ನ."

"ಅನ್ನಲ್ಲ. ಆದ್ರೆ ಕೇಳಿ. ಇದು ದಿನಾ ದಪ್ಪ ಆಗ್ತಾ ಐತೆ. ಈ ಹಳೇ ಮೊಬೈಲಿಗೆ ಇದ್ರ ಭಾರ ಹೊರಕ್ಕೆ ಆಗ್ತಿಲ್ಲ, ಅದಕ್ಕೇ ಈ ಕಾವು. ಹಿಂಗೇ ಬಿಟ್ರೆ ಒಂದಿನ ಆಟ ತೆರ್ಕಳಲ್ಲ. ಸಾವ್ಕಾರ ಹೇಳ್ದೆ ಕೇಳ್ದೆ ಹೊಂಟೋಯ್ತಾನೆ. ನಾನು ಸರಿಮಾಡುದ್ರೆ ಅವ್ನಿಗೆ ವಯಸ್ಸಾಯ್ತದೆ. ಹಣ್ಣಾಗಿ ಚಂದ್ರಿಕೆ ಹತ್ತುತಾನೆ. ನೀವು ಹೇಳ್ದಂಗೆ ಅತ್ತೆ. ನೀವು ಹೇಳೋ ತನ್ಕ ನಾನು ಮುಟ್ಟಲ್ಲ."

ದೊಡ್ಡಲಕ್ಷ್ಮಮ್ಮನಿಗೆ ಅವತ್ತು ಊಟ ಸೇರಲಿಲ್ಲ. ಬಿಟ್ಟರೂ ಹೋಗುತ್ತಾನೆ, ಹಣ್ಣಾದರೆ ಗೂಡಾಗಿ ಮಾರ್ಕೆಟ್ಟಿಗೆ ಹೋಗುತ್ತಾನೆ. ಪುಟ್ಟಸ್ವಾಮಿ "ಮೊಬೈಲಲ್ಲಿರೋ ಹುಳಕ್ಕೆ ಯಾಕಮ್ಮಿ ಇಷ್ಟೊಂದು" ಎಂದು ಶುರುಮಾಡಿ, ಅವಳ ಮುಖ ನೋಡಿ ನಿಲ್ಲಿಸಿದ. ಆಮೇಲೆ, "ನೀನು ಹುಳದ್ ಮನೇಗ್ ಹೋದಾಗ ನಾನೂ ಒಸಿ ಸೊಪ್ಪು ಹಾಕ್ತಿದ್ದೆ ಕಣೆ ಅದಕ್ಕೆ" ಎಂದ. ಅವಳಿಗೆ ಅಳುವಿನ ಮಧ್ಯೆಯೂ ನಗು ಬಂತು.

ಭಾನುವಾರ ಬೆಳ್ಳಂಬೆಳಿಗ್ಗೆ ಸೊಪ್ಪು ಕುಯ್ಯಲು ಅತ್ತೆ ಸೊಸೆ ಇಬ್ಬರೂ ತೋಟಕ್ಕೆ ಹೋದರು. ಹಿಪ್ಪುನೇರಳೆಯ ಸಾಲಿನಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ದೊಡ್ಡಲಕ್ಷ್ಮಮ್ಮ ಒಂದು ಹೊರೆ ಕಟ್ಟಿದಳು. ಆಮೇಲೆ ಕುಡುಗೋಲು ಕೆಳಗಿಟ್ಟಳು.

"ಹಣ್ಣಾಗ್ಲಿ ಬುಡವ್ವ. ತಿಂದ್ ತಿಂದು ಹಣ್ಣಾಗ್ದೇ ಹೋಗೋದು ಅಂದ್ರೆ ಹುಳಕ್ಕೆ ಸುಖ ಅಲ್ಲ. ಅದಕ್ಕೂ ಗೂಡು ಕಟ್ಬೇಕು ಅಂತ ಇರ್ತದಲ್ವಾ. ನನ್ ಆಸೇಗೆ ಅದ್ನ ತಡ್ಯೋದು ಸರಿಯಲ್ಲ." ಹೊರೆಯ ಹಗ್ಗ ಬಿಗಿಯುತ್ತ, "ಆದ್ರೆ ರಸೂಲ್ ಸಾಬ್ರ ನೀರಿಗೆ ಹಾಕ್ಬ್ಯಾಡ. ಗೂಡಾದ್ಮ್ಯಾಲೆ ಇನ್ನೇನಾದ್ರೂ ದಾರಿ ಐತಾ ನಿನ್ ಆಟದಲ್ಲಿ?"

"ಇಲ್ಲ ಅತ್ತೆ. ಮಾರ್ಕೆಟ್ಟು ಒಂದೇ. ನಾನು ಈ ಮನೆ ನೋಡಿ ಮಾಡಿದ್ದಲ್ವಾ, ಇಲ್ಲಿ ಅದೇ ಕಡೇದು." ಸೌಮ್ಯ ಹೊರೆಯ ಮೇಲೆ ಕೂತಳು. "ನಮ್ಮೂರ್ ಕಡೆ ಹಂಗಲ್ಲ. ನಮ್ಮಪ್ಪಾರು ಬೆಳ್ಯೋದು ಬಿತ್ನೆ ಗೂಡು. ಅದ್ನ ಕುದ್ಸಲ್ಲ. ಮೊಟ್ಟೆ ಕೇಂದ್ರಕ್ಕೆ ಹೋಗ್ತದೆ, ಅಲ್ಲಿ ಗೂಡು ತೂತು ಮಾಡ್ಕಂಡು ಚಿಟ್ಟೆ ಈಚೆ ಬತ್ತದೆ. ಓದ್ಕೋ ಅಂತ ನನ್ನ ಹುಳದ್ ಕೆಲ್ಸಕ್ಕೆ ಸೇರಿಸ್ತಿರ್ಲಿಲ್ಲ, ಚಿಟ್ಟೆ ನೋಡೋಕ್ ಮಾತ್ರ ಚಿಕ್ಕೋಳಿದ್ದಾಗ ಹೋಯ್ತಿದ್ದೆ. ಬೆಳ್ಳಗೆ, ಮೈಯೆಲ್ಲ ಹತ್ತಿ ಹತ್ತಿ. ರೆಕ್ಕೆ ಪಟಪಟ ಅನ್ನಿಸ್ತದೆ, ಹಾರಕ್ಕೆ ಮಾತ್ರ ಆಗಲ್ಲ. ಅದ್ರ ಮೈ ಭಾರ, ರೆಕ್ಕೆ ಸಣ್ಣದು."

ದೊಡ್ಡಲಕ್ಷ್ಮಮ್ಮ ಕೇಳುತ್ತ ಕೂತಳು. ಚಂದ್ರಿಕೆಯ ಸಂದಿಯಲ್ಲಿ ಮರೆತುಹೋದ ಗೂಡಿನಿಂದ ಒಂದೆರಡು ಸಲ ಚಿಟ್ಟೆ ಬಂದದ್ದನ್ನು ಅವಳೂ ಕಂಡಿದ್ದಳು. ತೂತು ಬಿದ್ದ ಗೂಡು ದಂಡ ಎಂದು ಬೈದುಕೊಂಡದ್ದೇ ಹೊರತು ಚಿಟ್ಟೆಯನ್ನು ಕಣ್ಣಿಟ್ಟು ನೋಡಿರಲಿಲ್ಲ. ಇಷ್ಟು ಕಾಲ ಸಾಕಿದ ಹುಳದ ಕೊನೆಯ ರೂಪವನ್ನೇ ನೋಡಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಸಂಜೆ ಡೈರಿಯ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವ್ಕಾರ ಹಣ್ಣಾಗುತ್ತಾನಂತೆ ಎಂಬ ಸುದ್ದಿ ಹಬ್ಬಿ, ಹಸು ಇಲ್ಲದವರೂ ಹಾಲಿನ ಕ್ಯಾನು ಹಿಡಿದು ಬಂದಿದ್ದರು. ಸೌಮ್ಯ ಮೊಬೈಲಿಗೆ ಏನನ್ನೋ ಹಾಕಿ ಅತ್ತೆಯ ಕೈಗೆ ಕೊಟ್ಟಳು. ಸಾವ್ಕಾರ ಅಗಿಯುತ್ತಿದ್ದ ಸೊಪ್ಪನ್ನು ಬಿಟ್ಟ. ತಲೆಯೆತ್ತಿದ. ಮೈಯೆಲ್ಲ ನಿಧಾನವಾಗಿ ಹೊಂಬಣ್ಣವಾಯಿತು. "ಹಣ್ಣಾದ" ಎಂದು ಯಾರೋ ಮೆತ್ತಗೆ ಹೇಳಿದರು. ಅವನು ಚಂದ್ರಿಕೆಯ ಮೇಲೆ ಹತ್ತಿದ್ದೇ ತಡ ಅದು ಲಟಕ್ಕನೆ ಮುರಿದು ಚಪ್ಪಟೆಯಾಯಿತು. ಸೌಮ್ಯ ತಲೆ ಚಚ್ಚಿಕೊಂಡಳು, ಉಳಿದವರು ಹೋ ಎಂದು ನಕ್ಕರು. ಸಾವ್ಕಾರ ಎದೆಗುಂದಲಿಲ್ಲ. ಮನೆಯನ್ನೇ ಚಂದ್ರಿಕೆ ಮಾಡಿಕೊಂಡು, ಕಂಬದಿಂದ ಕಂಬಕ್ಕೆ ನೂಲು ಎಳೆದು, ಸುತ್ತಿ ಸುತ್ತಿ ಗೂಡು ಕಟ್ಟಿದ. ಆ ಗೂಡು ಪರದೆಯನ್ನೆಲ್ಲ ತುಂಬಿತು. ಮೂಲೆಯಲ್ಲಿದ್ದ ಕೆಂಪು ಗುಂಡಿ ಅದರ ಅಡಿಗೆ ಸಿಕ್ಕಿ ಕಾಣದೇ ಹೋಯಿತು. ಒತ್ತೋಣವೆಂದರೂ ಬೆರಳಿಗೆ ಸಿಗದು.

"ಈ ಗಾತ್ರದ ಗೂಡಿಗೆ ನಾನು ಜಾಗ ಬಿಟ್ಟಿರ್ಲಿಲ್ಲ," ಎಂದಳು ಸೌಮ್ಯ ಮೆಲ್ಲಗೆ. "ಇದೂ ತಪ್ಪೇ ಅತ್ತೆ. ಇನ್ನಿದ್ನ ಮಾರ್ಕೆಟ್ಟಿಗೆ ಕಳ್ಸಕ್ಕಾಗಲ್ಲ."

ದೊಡ್ಡಲಕ್ಷ್ಮಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. "ಎಂಥಾ ಒಳ್ಳೆ ತಪ್ಪು ಮಾಡಿದ್ಯವ್ವ ತಾಯಿ," ಎಂದಳು.

ಮುಂದಿನ ವಾರವೆಲ್ಲ ಸೌಮ್ಯ ಲ್ಯಾಪ್‌ಟಾಪಿನ ಮುಂದೆ. ಅತ್ತೆ ಅವಳನ್ನು ಅಡುಗೆಮನೆಗೆ ಕರೆಯಲಿಲ್ಲ. ಕಾಫಿ ಮಾಡಿ ಪಕ್ಕಕ್ಕಿಟ್ಟು, ಏನೂ ಕೇಳದೆ ಹೋಗುತ್ತಿದ್ದಳು. ಪರದೆಯ ಮೇಲೆ ಗೂಡು ಸುಮ್ಮನೆ ಇತ್ತು. ಡೈರಿಯಲ್ಲಿ ಹೆಂಗಸರು ದಿನಾ ಬಂದು ಅದಕ್ಕೆ ಕಿವಿಗೊಟ್ಟು ಹೋಗುತ್ತಿದ್ದರು.

ಕಡೆಗೆ ಒಂದು ಬೆಳಿಗ್ಗೆ, ಜಗಲಿಯ ಬಿಸಿಲಿನಲ್ಲಿ ದೊಡ್ಡಲಕ್ಷ್ಮಮ್ಮ ಮೊಬೈಲು ತೆರೆದಾಗ ಗೂಡಿನ ತುದಿ ಒದ್ದೆಯಾಯಿತು. ಪುಟ್ಟಸ್ವಾಮಿ ಬೀಡಿ ಎಸೆದು ಹತ್ತಿರ ಬಂದ. ಸೌಮ್ಯ ಸ್ಕೂಟರಿನ ಕೀಲಿ ಹಿಡಿದುಕೊಂಡು ಹಿಂದೆಯೇ ನಿಂತಳು. ನೂಲು ಸಡಿಲವಾಗಿ, ತೂತಾಗಿ, ಒಳಗಿನಿಂದ ಒಂದು ಬಿಳಿಯ ತಲೆ ಇಣುಕಿತು. ಆಮೇಲೆ ಗರಿಯಂಥ ಎರಡು ಮೀಸೆ, ಹತ್ತಿಯಂಥ ಮೈ, ಮುದುಡಿದ ರೆಕ್ಕೆ. ಸಾವ್ಕಾರ ಗೂಡಿನ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡ. ದೊಡ್ಡಲಕ್ಷ್ಮಮ್ಮ ಉಸಿರು ಬಿಡದೆ ನೋಡಿದಳು. ಇಷ್ಟು ಚೆಂದ ಇರುತ್ತದೆ ಎಂದು ಅವಳು ತಿಳಿದಿರಲಿಲ್ಲ.

ರೆಕ್ಕೆ ಪಟಪಟ ಎಂದಿತು. ಇಷ್ಟೇ ತಾನೇ, ಹಾರುವುದಿಲ್ಲವಲ್ಲ ಎಂದು ಅವಳು ಅಂದುಕೊಳ್ಳುತ್ತಿದ್ದಂತೆ ಆ ಭಾರದ ಮೈ ಗೂಡು ಬಿಟ್ಟು ಮೇಲೆದ್ದಿತು. ಮುರಿದ ಹೆಂಚಿನ ಮನೆ ದಾಟಿತು, ಹಿಪ್ಪುನೇರಳೆ ತೋಟ ದಾಟಿತು, ಸೌಮ್ಯ ಹಿನ್ನೆಲೆಗೆಂದು ಬರೆದಿದ್ದ ರಾಮನಗರದ ಬಂಡೆ ಬೆಟ್ಟಗಳ ಕಡೆಗೆ ಆರಾಮಾಗಿ ಹಾರಿ ಹೋಯಿತು.

ದೊಡ್ಡಲಕ್ಷ್ಮಮ್ಮ ತಿರುಗಿ ಸೊಸೆಯನ್ನು ನೋಡಿದಳು. "ರೇಷ್ಮೆ ಚಿಟ್ಟೆ ಹಾರಲ್ಲ ಅಂದಿದ್ದೆ ನೀನು."

"ಹಾರಲ್ಲ ಅತ್ತೆ."

"ಹಂಗಾದ್ರೆ ನಿನ್ನಾಟದಲ್ಲಿ ತಪ್ಪೈತೆ."

"ಐತೆ," ಎಂದಳು ಸೌಮ್ಯ. "ಇದೊಂದನ್ನ ಬೇಕಂತ್ಲೇ ಮಾಡ್ದೆ."

ದೊಡ್ಡಲಕ್ಷ್ಮಮ್ಮ ಸೊಸೆಯ ಕೈ ಹಿಡಿದು ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡಳು. ಸೆಂಟರಿಗೆ ಹೊತ್ತಾಗುತ್ತಿದ್ದರೂ ಸೌಮ್ಯ ಏಳಲಿಲ್ಲ. ಬಿಳಿ ಚಿಟ್ಟೆ ಬೆಟ್ಟದ ಹಿಂದೆ ಮರೆಯಾಗುವ ತನಕ ಇಬ್ಬರೂ ಹಾಗೇ ಕೂತು ನೋಡಿದರು.